ನೀಲಿ ಹುತ್ತದ ಪಾಲು

ಈ ಕಥೆ ಕೇಳಿ ಬುರುಡೆ ಅನ್ನುವವರು ಮೊದಲು ತಮ್ಮ ಹಿತ್ತಲಿಗೆ ಹೋಗಿ, ಅಲ್ಲಿ ಹುತ್ತವಿದ್ದರೆ ಅದಕ್ಕೊಮ್ಮೆ ಕಿವಿಗೊಟ್ಟು ಬರಲಿ. ಬಂದಮೇಲೂ ಬುರುಡೆ ಅಂದರೆ ನಮ್ಮದೇನೂ ತಕರಾರಿಲ್ಲ.

ಕಲುಂಬಿ ಅಂತ ಒಂದು ದೇಶ. ಸಮುದ್ರದ ಆಚೆ, ಆಫ್ರಿಕದ ಹೊಕ್ಕುಳಿನ ಹತ್ತಿರ ಎಲ್ಲೋ ಇದೆ ಅಂದುಕೊಳ್ಳಿ. ಅಲ್ಲಿಯ ಹುತ್ತಗಳು ನೀಲಿ. ನವಿಲು ನೋಡಿದರೆ ನಾಚಿ ಕತ್ತು ಒಳಗೆಳೆದುಕೊಳ್ಳಬೇಕು, ಅಂಥ ನೀಲಿ. ಎತ್ತರವೋ, ತುದಿಯಲ್ಲಿ ಕೂತು ಹೊಟ್ಟೆತುಂಬ ತಿಂದ ಹದ್ದಿಗೆ ನೆಲಕ್ಕಿಳಿಯುವುದರೊಳಗೆ ಮತ್ತೆ ಹಸಿವಾಗುತ್ತಿತ್ತು.

ಅವನ್ನು ಮಾಡಿದವರು ನಮ್ಮವರೇ. ನಮ್ಮ ದೇಶ ದೊಡ್ಡದಾಗಿ ಬೆಳೆದು ನಿಂತ ಕಾಲ ಅದು. ಹಿಂದೊಮ್ಮೆ ಪರರ ಬಾಗಿಲಲ್ಲಿ ಕೈಕಟ್ಟಿ ನಿಂತವರು, ಈಗ ಪರರ ಬಾಗಿಲು ತಳ್ಳಿ ಒಳಗೆ ಹೋಗಿ, ಚಾಪೆ ಹಾಸಿಕೊಂಡು ಕೂತು, ಮನೆಯವರನ್ನೇ "ಬರ್ರಿ, ಕೂಡ್ರಿ" ಅನ್ನುವಷ್ಟು ಬೆಳೆದಿದ್ದರು. ಗಾಡಿ, ಫೋನು, ಕೊನೆಗೆ ಹಿಟ್ಟಿನ ಗಿರಣಿ ಕೂಡ ಬ್ಯಾಟರಿಯಲ್ಲಿ ಓಡುತ್ತಿತ್ತು. ಬ್ಯಾಟರಿಗೆ ಕೋಬಾಲ್ಟ್ ಬೇಕು. ಕೋಬಾಲ್ಟ್ ಕಲುಂಬಿಯ ನೆಲದಡಿ ಇತ್ತು. ಆದರೆ ನೆಲ ಅಗೆದರೆ ಜಗತ್ತೆಲ್ಲ ಬಾಯಿ ಬಡಿದುಕೊಳ್ಳುತ್ತದೆ. ಅದಕ್ಕೆ ಕಂಪನಿಯವರು ಒಂದು ಹುಳ ಹುಟ್ಟಿಸಿದರು.

ಹುಳ ಅಂದರೆ ಗೆದ್ದಲು. ಊರ ಗೆದ್ದಲು ನೀರು ಹುಡುಕಿ ಪಾತಾಳಕ್ಕೆ ಇಳಿಯುತ್ತದಲ್ಲ, ಇದು ಲೋಹ ಹುಡುಕಿ ಇಳಿಯುತ್ತಿತ್ತು. ಬಾಯಲ್ಲಿ ಒಂದೊಂದು ಕಣ ಕಚ್ಚಿಕೊಂಡು ಮೇಲೆ ಬಂದು, ಎಂಜಲು ಹಚ್ಚಿ ಹುತ್ತಕ್ಕೆ ಮೆತ್ತುತ್ತಿತ್ತು. ಕಂಪನಿಯವರು ಹುತ್ತದ ಮೈ ಕೆರೆದುಕೊಂಡರೆ ಮುಗಿಯಿತು. ಗಣಿ ಇಲ್ಲ, ಗುಂಡಿ ಇಲ್ಲ, ಧೂಳಿಲ್ಲ. ಕೆಳಗಿನ ಸುರಂಗಗಳಿಗೂ ಅದೇ ಎಂಜಲಿನ ಗಿಲಾವು. ಹುಳ ಬದುಕಿರುವತನಕ ಗಿಲಾವು ಹಸಿಯಾಗಿ, ಗಟ್ಟಿಯಾಗಿ ನಿಲ್ಲುತ್ತಿತ್ತು.

ಇನ್ನೊಂದು ಜಾಣತನ ಮಾಡಿದ್ದರು. ಆ ಹುಳಕ್ಕೆ ತನ್ನ ಮೈಗೆ ಬೇಕಾದ ಒಂದು ಸತ್ವವನ್ನು ತಾನೇ ಮಾಡಿಕೊಳ್ಳಲು ಬರದಂತೆ ಹುಟ್ಟಿಸಿದ್ದರು. ಆ ಸತ್ವ ಕಂಪನಿಯ ಗಂಜಿಯಲ್ಲಿ ಮಾತ್ರ ಇತ್ತು. ಗಂಜಿ ತಯಾರಾಗುವುದು ನಮ್ಮ ದೇಶದಲ್ಲಿ. ಹಡಗಿನಲ್ಲಿ ಬರಬೇಕು, ಟ್ಯಾಂಕರಿನಲ್ಲಿ ಹೋಗಿ ಹುತ್ತಹುತ್ತಕ್ಕೆ ಸುರಿಯಬೇಕು. ಹುಳ ಕಲುಂಬಿಯದು, ನೆಲ ಕಲುಂಬಿಯದು, ಮೂಗುದಾರ ಮಾತ್ರ ನಮ್ಮ ಕೈಯಲ್ಲಿ.

ಹುಲಿಗೆಮ್ಮ ಆ ಕಂಪನಿಯ ಕ್ಯಾಂಪಿನಲ್ಲಿ ಮೆಸ್ಸಿನ ಅಡುಗೆಯವಳು. ರಾಯಚೂರು ಕಡೆಯ ಹಟ್ಟಿಯವಳು, ಚಿನ್ನದ ಗಣಿಯ ಊರು. ಗಂಡ ಯಂಕೋಬ ಗಂಜಿ ಟ್ಯಾಂಕರಿನ ಡ್ರೈವರ್. ಮೆಸ್ಸಿಗೆ ಹಾಲು ತಂದು, ಪಾತ್ರೆಗೂ ಕೈಹಚ್ಚಿ ಹೋಗುತ್ತಿದ್ದವಳು ಚಿತೋಲೆ ಊರಿನ ಬ್ವಾಲ್ಯ. ಕಪ್ಪು ಕಲ್ಲಿನಲ್ಲಿ ಕಡೆದಂಥ ಹೆಂಗಸು. ನಗು ಬಂದರೆ ಮೆಸ್ಸಿನ ತಗಡು ನಡುಗುತ್ತಿತ್ತು. ಹುಲಿಗೆಮ್ಮನ ಜೊತೆ ಇದ್ದು ಇದ್ದು ಹಟ್ಟಿಯ ಮಾತು ಕಲಿತಿದ್ದಳು. ಅವಳು ಬೈದರೆ ಲಿಂಗಸುಗೂರು ಸಂತೆಯಲ್ಲಿ ನಿಂತಂತೆ ಆಗುತ್ತಿತ್ತು.

ಪಂಚಮಿ ಬಂತು. ಬ್ವಾಲ್ಯ ಹಾಲಿನ ಕ್ಯಾನು ಇಳಿಸಿ ಒಲೆ ನೋಡಿದಳು.

"ಯಾಕಕ್ಕಾ, ಇವತ್ತು ಹಂಚ ಇಟ್ಟಿಲ್ಲ? ರೊಟ್ಟಿ ಇಲ್ಲೇನು?"

"ಇವತ್ತು ಹಂಚ ಇಡಂಗಿಲ್ಲ ಬೇ. ನಾಗಪ್ಪನ ಹಬ್ಬ. ನೆಲಾನೂ ಅಗಿಯಂಗಿಲ್ಲ, ಪಾಪ ಬರತೈತಿ."

ಬ್ವಾಲ್ಯ ಸೊಂಟದ ಮೇಲೆ ಕೈ ಇಟ್ಟುಕೊಂಡು ನಕ್ಕಳು. ತಗಡು ನಡುಗಿತು. "ನೆಲ ಅಗಿಯಂಗಿಲ್ಲ! ಯಾರು, ನೀವು? ಒಂದ ದಿನದ್ದು ಉಪವಾಸ ಏನು ನಿಮ್ಮ ಕಂಪನೀದು?"

"ಹುಚ್ಚಿ, ಮೆಲ್ಲಕ ಮಾತಾಡು."

ಮೆಲ್ಲಗೆ ಮಾತಾಡಲು ಕಾರಣವಿತ್ತು. ಹುತ್ತಕ್ಕೆ ಒಂದು ಅಗುಳು ಹೊರಗಿನ ತಿನಿಸು ಬಿದ್ದರೂ ಹಾಕಿದವರ ಕೆಲಸ ಹೋಗುತ್ತದೆ ಅಂತ ಗೋಡೆಗೋಡೆಗೆ ಬರೆದಿತ್ತು. ಆದರೆ ಪಂಚಮಿಯ ದಿನ ಹುತ್ತ ಕಣ್ಣೆದುರಿಗಿದ್ದೂ ಹಾಲು ಹಾಕದೆ ಇರುವುದು ಹೇಗೆ? ಹುಟ್ಟಿದಾಗಿನಿಂದ ಹಾಕಿದ ಕೈ. ಮೆಸ್ಸಿನ ಹಿಂದೆ, ಮೋರಿಯ ಪಕ್ಕ, ಮೊಣಕಾಲೆತ್ತರದ ಮರಿಹುತ್ತವೊಂದು ಎದ್ದಿತ್ತು. ಹುಲಿಗೆಮ್ಮ ಸೆರಗಿನಲ್ಲಿ ಗಿಂಡಿ ಮುಚ್ಚಿಕೊಂಡು ಹೋಗಿ ಕುಕ್ಕುರುಗಾಲಿನಲ್ಲಿ ಕೂತಳು. ಅರಳು, ಎಳ್ಳಿನ ಚಿಗಳಿ ಉಂಡೆ ಇಟ್ಟು, ಹಾಲು ಬಿಡತೊಡಗಿದಳು.

"ದೇವರ ಪಾಲು. ಗುರುವಿನ ಪಾಲು. ಅವ್ವನ ಪಾಲು. ಅಪ್ಪನ ಪಾಲು. ಯಂಕೋಬನ ಪಾಲು..."

"ಎಲ್ಲಾರ್ದೂ ಪಾಲು ಹಾಕ್ತೀರೇನು?" ಬ್ವಾಲ್ಯ ಬೆನ್ನ ಹಿಂದೆ ನಿಂತಿದ್ದಳು.

"ಹೌದು ಮತ್ತ. ಯಾರನ್ನ ಬಿಟ್ರೂ ಅವರ ಮ್ಯಾಲ ಸಿಟ್ಟಾಗ್ತಾನ ನಾಗಪ್ಪ."

"ಹಂಗಾದ್ರ ನಂದು?"

ಹುಲಿಗೆಮ್ಮ ತಳದಲ್ಲಿ ಉಳಿದದ್ದನ್ನು ಬಗ್ಗಿಸಿದಳು. "ತಗೋ. ಬ್ವಾಲ್ಯಾನ ಪಾಲು. ಇನ್ನ ನೀನೂ ನಮ್ಮ ಮನಿಯಾಕಿ."

ಹಬ್ಬದ ಪದ್ಧತಿಯಂತೆ ಒಂದು ಚಿಟಿಕೆ ಹಸಿ ಹುತ್ತದ ಮಣ್ಣು ಕಿವಿಯ ಹಿಂದೆ ಹಚ್ಚಿಕೊಂಡಳು. ಇನ್ನೊಂದು ಚಿಟಿಕೆ ಪ್ರಸಾದವೆಂದು ಕುಂಕುಮದ ಭರಣಿಯೊಳಗೆ ಹಾಕಿಟ್ಟಳು. ಆಮೇಲಿಂದ ಹಾಲಿನ ಕ್ಯಾನು ತೊಳೆದ ನೀರನ್ನೂ ದಿನಾ ಅಲ್ಲಿಗೇ ಚೆಲ್ಲತೊಡಗಿದಳು. ದೇವರಿಗೆ ದೇವರೂ ಆಯಿತು, ಮೋರಿ ಕಟ್ಟುವುದೂ ತಪ್ಪಿತು.

ಅಲ್ಲಿ ಮಳೆಗಾಲ ದೀಪಾವಳಿ ಕಳೆದ ಮೇಲೆ; ಅದು ಹಿಡಿಯುವ ಮುಂಚೆ ಕಲುಂಬಿಯಲ್ಲಿ ಚುನಾವಣೆ ಆಯಿತು. ಹೊಸ ಅಧ್ಯಕ್ಷರು ಒಂದೇ ಮಾತು ಕೇಳಿದರು: ಗಂಜಿಯ ಕಾರ್ಖಾನೆ ಇಲ್ಲೇ ಕಟ್ಟಿ, ನಮ್ಮ ಹುಳಕ್ಕೆ ನಾವೇ ಉಣಿಸುತ್ತೇವೆ.

ಹುಲಿಗೆಮ್ಮ ಶುಂಠಿ ಚಹಾ ಹಿಡಿದು ಕಂಟ್ರೋಲ್ ರೂಮಿಗೆ ಹೋದಾಗ ಕ್ಯಾಂಪಿನ ಮುಖ್ಯಸ್ಥ ರಾಯ್ಕರ್ ಸಾಹೇಬರು ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ನಿಂತಿದ್ದರು. ಪರದೆಯ ತುಂಬ ಇಡೀ ಸೀಮೆಯ ಹುತ್ತಗಳು ನೀಲಿ ದೀಪಗಳಾಗಿ ಮಿಣುಗುತ್ತಿದ್ದವು. ರಾಯ್ಕರ್ ಕೂಗಾಡುವ ಮನುಷ್ಯನಲ್ಲ. ಬಡಿಸಿದವರಿಗೆಲ್ಲ ಧನ್ಯವಾದ ಹೇಳುವಂಥವರು. ಕಲುಂಬಿಯ ರಸ್ತೆ, ಆಸ್ಪತ್ರೆ, ಶಾಲೆ ಎಲ್ಲದರ ಮೇಲೂ ಕಂಪನಿಯ ಹೆಸರು ಬರೆಸಿದವರು ಅವರೇ, ನಗುನಗುತ್ತಲೇ.

"ನಾವೇನು ಬಂದೂಕು ಹಿಡ್ಕೊಂಡು ಬಂದಿದೀವಾ?" ಅಂದರು. "ಸ್ನೇಹಿತರು ನಾವು. ಗಂಜಿ ಹಡಗು ಸ್ವಲ್ಪ ತಡ ಆಗ್ತಿದೆ, ಅಷ್ಟೇ. ಕಾರ್ಖಾನೆ ಕೇಳಲ್ಲ ಅಂತ ಅವರು ಕರಾರಿಗೆ ಸಹಿ ಹಾಕಿದ ತಕ್ಷಣ ಬರುತ್ತೆ."

ಹುಳಗಳ ಲ್ಯಾಬು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಶೀಲವಂತ ಕುರ್ಚಿಯಿಂದ ಎದ್ದಳು. ಧಾರವಾಡದ ಹುಡುಗಿ, ಮಾತಿಗಿಂತ ಮುಂಚೆ ಕೈ ಓಡುತ್ತಿತ್ತು.

"ಸರ್, ತಡ ಆದ್ರ ಹುಳ ಸಾಯ್ತಾವ. ಹುಳ ಸತ್ರ ಗಿಲಾವು ಒಣಗ್ತದ. ಕೆಳಗ ನೆಲಾ ಜೇನುಹುಟ್ಟಿನಂಗ ಆಗ್ಯದ ಸರ್! ಮ್ಯಾಲೆ ಊರದಾವ!"

"ಅದಕ್ಕೇ ಹೇಳ್ತಿರೋದು. ಊರಿನವರೇ ಅವರ ಅಧ್ಯಕ್ಷರಿಗೆ ಬುದ್ಧಿ ಹೇಳ್ಲಿ." ಚಹಾದ ಕಪ್ಪು ತೆಗೆದುಕೊಂಡು ಹುಲಿಗೆಮ್ಮನ ಕಡೆ ತಿರುಗಿದರು. "ತುಂಬಾ ಚೆನ್ನಾಗಿದೆ ಅಮ್ಮ, ಥ್ಯಾಂಕ್ಸ್."

ಅವಳು ಖಾಲಿ ತಟ್ಟೆ ಹಿಡಿದು ಬಾಗಿಲು ದಾಟುವಾಗ ಪರದೆಯ ಅಂಚಿನಲ್ಲಿ ಒಂದು ದೀಪ ಆರಿತು.

ಹುತ್ತಗಳಿಗೆ ಒಂದು ದನಿಯಿತ್ತು. ನೆಲದಡಿಯಿಂದ ಹಗಲಿರುಳು ಗುಂಯ್ ಅಂತ ಬರುತ್ತಿತ್ತು, ದೂರದಲ್ಲಿ ಯಾರೋ ಬೀಸುವಕಲ್ಲು ತಿರುವಿದಂತೆ. ಕ್ಯಾಂಪಿಗೆ ಬಂದ ಹೊಸತರಲ್ಲಿ ಆ ಸದ್ದಿಗೆ ಹುಲಿಗೆಮ್ಮನಿಗೆ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಅದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ಈಗ ಅದು ಒಂದೊಂದು ಕಡೆ ನಿಲ್ಲತೊಡಗಿತು. ನಿಂತ ಜಾಗದಲ್ಲಿ ಎಂಥ ಮೌನವೆಂದರೆ, ಮನುಷ್ಯ ತನ್ನ ರೆಪ್ಪೆ ಬಡಿಯುವ ಸದ್ದಿಗೆ ತಾನೇ ಬೆಚ್ಚುತ್ತಿದ್ದ. ನೀಲಿ ಹುತ್ತಗಳು ಬೂದಿ ಬಣ್ಣಕ್ಕೆ ತಿರುಗಿ, ಹಳೆಯ ಬೆಲ್ಲದ ಹಾಗೆ ಪುಡಿಯಾಗಿ ಉದುರಿದವು.

ಬ್ವಾಲ್ಯ ಹಾಲು ತರುವುದು ನಿಂತಿತು. ಹುಲಿಗೆಮ್ಮ ಯಂಕೋಬನನ್ನು ಹೊರಡಿಸಿ ಖಾಲಿ ಟ್ಯಾಂಕರಿನಲ್ಲೇ ಚಿತೋಲೆಗೆ ಹೋದಳು. ಊರ ಹೊರಗೇ ಒಬ್ಬ ಮುದುಕ ಎರಡೂ ಕೈ ಎತ್ತಿ ಗಾಡಿ ನಿಲ್ಲಿಸಿದ. ಅಲ್ಲಿಂದ ನಡೆಯಬೇಕಾಯಿತು.

ಅಂಥ ಊರನ್ನು ಅವಳು ನೋಡಿರಲಿಲ್ಲ. ಜನರೆಲ್ಲ ಇದ್ದರು, ಸದ್ದು ಮಾತ್ರ ಇರಲಿಲ್ಲ. ಜೋಳ ಕುಟ್ಟುವ ಒನಕೆಗಳನ್ನು ಗೋಡೆಗೆ ಒರಗಿಸಿದ್ದರು. ಹೆಂಗಸರು ಕಾಳನ್ನು ಬಾಯಲ್ಲಿ ಅಗಿದು ಕೂಸುಗಳಿಗೆ ಉಣಿಸುತ್ತಿದ್ದರು. ಓಡಾಡುವ ಮಕ್ಕಳನ್ನು ಹಗ್ಗ ಹಾಕಿ ತಾಯಂದಿರ ಸೊಂಟಕ್ಕೆ ಕಟ್ಟಿದ್ದರು. ಕೆಮ್ಮು ಬಂದವರು ಬಾಯಿಗೆ ಬಟ್ಟೆ ಒತ್ತಿಕೊಳ್ಳುತ್ತಿದ್ದರು. ಊರ ನಡುವೆ ಒಂದು ಮನೆಯಿದ್ದ ಜಾಗದಲ್ಲಿ ಬರೀ ಬಾಯಿ ತೆರೆದ ಕತ್ತಲೆ. ಅಂಚಿನಲ್ಲಿ ಒಂದು ಚಪ್ಪಲಿ.

ಬ್ವಾಲ್ಯ ತನ್ನ ಗುಡಿಸಿಲಿನ ಮುಂದೆ ಕೂತಿದ್ದಳು. ನಗು ಎಲ್ಲೋ ಇಂಗಿಹೋಗಿತ್ತು.

"ಮೆಲ್ಲಕ ನಡಿ, ಅಕ್ಕಾ," ಪಿಸುಗುಟ್ಟಿದಳು. "ನೆಲ ಹಪ್ಪಳ ಆಗೈತಿ."

"ಎದ್ದು ಬರ್ರೆಲ್ಲಾ! ಇಲ್ಲ್ಯಾಕ ಕುಂತೀರಿ?"

"ಎಲ್ಲಿಗಿ? ಊರಂದ್ರ ಊರೆಲ್ಲಾ ಒಮ್ಮೆಗೇ ಎದ್ದು ನಡದ್ರ ಮುರಿತೈತಿ. ಮುಂಜಾನಿ ಹತ್ತು ಮಂದಿ ಗುಂಪಾಗಿ ಹೊಂಟಿದ್ರು." ಬ್ವಾಲ್ಯ ಆ ಕತ್ತಲೆಯ ಕಡೆ ನೋಡಲಿಲ್ಲ, ಕಣ್ಣೂ ಭಾರ ಅನ್ನುವ ಹಾಗೆ ರೆಪ್ಪೆ ಇಳಿಸಿದಳು. "ನೀ ಹೋಗು. ನಿಮ್ಮ ಬಸ್ಸು ಬಂದಾವಂತ, ನಿಮ್ಮವರನ್ನ ಒಯ್ಯಾಕ."

ಹುಲಿಗೆಮ್ಮ ಬಂದ ದಾರಿಯಲ್ಲೇ ಮೆಲ್ಲಗೆ ಹಿಂದಿರುಗಿದಳು. ನಮ್ಮ ಮನೆಯಾಕಿ ಅಂತ ಪಾಲು ಹಾಕಿ ಬಂದಿದ್ದಳು. ಈಗ ಬಸ್ಸಿನಲ್ಲಿ ಪಾಲು ಕೊಡಲು ಬರುವಂತಿರಲಿಲ್ಲ.

ಕ್ಯಾಂಪಿನಲ್ಲಿ ಬಸ್ಸುಗಳು ಗುರುಗುಟ್ಟುತ್ತಿದ್ದವು. ಪೆಟ್ಟಿಗೆ ಹೊತ್ತವರು, ಫೋನಿನಲ್ಲಿ ಕೂಗುವವರು. ಹುಲಿಗೆಮ್ಮ ಮೆಸ್ಸಿನ ಹಿಂದೆ ಹೋದಳು, ಯಾರಿಗೂ ಕಾಣದಂತೆ ಒಮ್ಮೆ ಅತ್ತು ಬರೋಣ ಅಂತ. ಅಳು ಬರುವ ಮುಂಚೆ ದನಿ ಕೇಳಿತು. ಗುಂಯ್.

ಮರಿಹುತ್ತ ಅವಳ ಎದೆಮಟ್ಟ ಬೆಳೆದಿತ್ತು. ಹಸಿಹಸಿಯಾಗಿ, ಕಣ್ಣು ಕುಕ್ಕುವ ನೀಲಿಯಾಗಿ ನಿಂತಿತ್ತು. ಸುತ್ತ ಸೀಮೆಯೆಲ್ಲ ಬೂದಿಯಾಗಿದ್ದಾಗ!

ನಾಗಪ್ಪ ಕಣ್ಣು ಬಿಟ್ಟ ಅಂತ ಅವಳು ಕೈಮುಗಿದಳು. ಆಮೇಲೆ ಎದ್ದುಬಿದ್ದು ಶೀಲವಂತಳನ್ನು ಎಳೆದುಕೊಂಡು ಬಂದಳು. ಕೆಲಸ ಹೋದರೆ ಹೋಗಲಿ ಅಂತ ಪಂಚಮಿಯ ಹಾಲು, ಕ್ಯಾನಿನ ನೀರು ಎಲ್ಲ ಹೇಳಿದಳು. ಶೀಲವಂತ ಹುತ್ತದ ಮುಂದೆ ಮಣ್ಣಿನಲ್ಲೇ ಕೂತುಬಿಟ್ಟಳು.

"ಹಾಲಿನಾಗ ಆ ಸತ್ವ ಅದ," ಅಂದಳು ಕೊನೆಗೆ. "ಬೇಕಾದಷ್ಟದ. ನಾನೂ ಧಾರವಾಡದಾಗ ಹುತ್ತಕ್ಕ ಹಾಲ ಹಾಕಿ ಬೆಳದಾಕಿ, ನನಗ ಹೊಳೀಲಿಲ್ಲ ನೋಡ್ರಿ. ಗೆದ್ದಲಕ್ಕ ಯಾರು ಹಾಲು ಕುಡಸ್ತಾರ ಅಂತ..."

"ಹಂಗಾದ್ರ ಚಿತೋಲಿಗೂ ಹಾಕೋಣು! ಅವರ ಹಂತ್ಯಾಕ ದನ ಅದಾವ, ಟ್ಯಾಂಕರ ಐತಿ!"

ಶೀಲವಂತ ಅವಳ ಕೈ ಹಿಡಿದಳು. "ಹುಲಿಗೆಮ್ಮ, ತಿಳ್ಕೋರಿ. ಗಂಜಿ ಅನ್ನೋದು ಅವುಕ್ಕ ಹಾಕಿದ ಸರಪಳಿ. ಆಳದಾಗ ಇನ್ನೂ ಜೀವ ಹಿಡದ ಹುಳಾನ ಇವತ್ತ ಹಾಲು ಕೊಟ್ಟು ಉಳಿಸಿದ್ರ ಸರಪಳಿ ಹರೀತದ. ಆಮ್ಯಾಲೆ ಹಾಲು ಇದ್ದಲ್ಲೆಲ್ಲಾ ಇವು ಬದುಕ್ತಾವ. ನಾಕು ಹುಳ ಇದ್ರ ಸಾಕು, ಅದರಾಗ ಒಂದು ರಾಣಿ ಆಗ್ತದ. ಭೂಮಿ ಮ್ಯಾಲೆ ಹಾಲು ಇಲ್ಲದ ಊರು ಯಾವುದದ ಹೇಳ್ರಿ?"

ಹುಲಿಗೆಮ್ಮನ ಕಣ್ಣೆದುರಿಗೆ ಬಂದದ್ದು ಆ ಒಂದು ಚಪ್ಪಲಿ.

"ಮುಂದಿಂದು ಮುಂದ, ಅವ್ವಾರ," ಅಂದಳು. "ಬ್ವಾಲ್ಯ ಇವತ್ತ ಅದಾಳ."

ರಾಯ್ಕರ್ ಸಾಹೇಬರು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಯಂಕೋಬನನ್ನು ಕರೆದರು. ಯಂಕೋಬ ಮಾತು ಕಡಿಮೆಯ ಮನುಷ್ಯ. "ಹೆಂಡ್ತಿ ಕರೀತಾಳ್ರೀ ಸಾಹೇಬ್ರ," ಅಂತ ಅಷ್ಟೇ ಹೇಳಿ ಟ್ಯಾಂಕರ್ ತಿರುಗಿಸಿದ. ಆವತ್ತು ರಾಯ್ಕರ್ ಮೊದಲ ಸಲ ಕೂಗಿದರಂತೆ. ಕೇಳಲು ಅಲ್ಲಿ ಯಾರೂ ನಿಂತಿರಲಿಲ್ಲ.

ಆಚೀಚೆ ಗಟ್ಟಿ ನೆಲದ ಊರುಗಳಿಂದ ಹಾಲು ಬಂತು. ಕೊಡದಲ್ಲಿ, ಸೋರೆಬುರುಡೆಯಲ್ಲಿ, ಬಕೆಟಿನಲ್ಲಿ. ಕಲುಂಬಿಯ ಕರುಗಳು ಆ ದಿನ ತಾಯಿಯ ಕೆಚ್ಚಲು ಕಾಣಲಿಲ್ಲ. ಟ್ಯಾಂಕರನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ, ಪೈಪು ಉದ್ದ ಬಿಟ್ಟರು. ಅದರ ಬಾಯಿಯನ್ನು ಹುತ್ತದಿಂದ ಹುತ್ತಕ್ಕೆ ಒಯ್ಯಲು ಒಬ್ಬರೇ ನಡೆಯಬೇಕು, ಬರಿಗಾಲಿನಲ್ಲಿ, ಹಗುರವಾಗಿ. ಹುಲಿಗೆಮ್ಮನೇ ನಡೆದಳು. ಪಾದದಡಿ ನೆಲ ಕಾದ ಹಪ್ಪಳದ ಹಾಗೆ ಚಿಟಚಿಟ ಅನ್ನುತ್ತಿತ್ತು. ಮಕ್ಕಳನ್ನು ಸೊಂಟಕ್ಕೆ ಕಟ್ಟಿಕೊಂಡ ತಾಯಂದಿರು ಉಸಿರು ಹಿಡಿದು ಅವಳ ಕಾಲನ್ನೇ ನೋಡುತ್ತಿದ್ದರು.

ಬಾಯಿ ತಾನಾಗಿಯೇ ಗುಣುಗುಟ್ಟಿತು. "ದೇವರ ಪಾಲು. ಗುರುವಿನ ಪಾಲು. ಬ್ವಾಲ್ಯಾನ ಪಾಲು. ಬ್ವಾಲ್ಯಾನ ಮಕ್ಕಳ ಪಾಲು. ಆ ಮುದುಕಪ್ಪನ ಪಾಲು..."

ಸಾಲಿನ ಕಡೆಯ ಹುತ್ತಕ್ಕೆ ಬಿಟ್ಟು ಕೂತಳು. ಏನೂ ಆಗಲಿಲ್ಲ. ಎಲ್ಲೋ ಒಂದು ಗೋಡೆ ಕುಸಿಯಿತು. ಕೂಸೊಂದು ಅಳಲು ಬಾಯಿ ತೆರೆಯಿತು, ತಾಯಿ ಅಂಗೈ ಮುಚ್ಚಿದಳು. ಹೊತ್ತು ಇಳಿಯುತ್ತಾ ಬಂತು. ಆಗ ನೆಲದ ಆಳದಲ್ಲಿ, ಬಹಳ ಆಳದಲ್ಲಿ, ಯಾರೋ ಬೀಸುವಕಲ್ಲಿಗೆ ಕೈ ಹಚ್ಚಿದರು.

ಗುಂಯ್.

ಬ್ವಾಲ್ಯ ನಗಲಿಲ್ಲ. ಎದ್ದು ಬಂದು ಹುಲಿಗೆಮ್ಮನ ಪಾದ ಎರಡನ್ನೂ ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಚಿತೋಲೆ ಉಳಿಯಿತು. ಇನ್ನೂ ಎಷ್ಟೋ ಊರು ಉಳಿದವು. ಅಧ್ಯಕ್ಷರು ಸಹಿ ಹಾಕಲಿಲ್ಲ. ಕಲುಂಬಿಯವರು ದಿನಾ ಮುಂಜಾನೆ ಕರೆದ ಹಾಲಿನಲ್ಲಿ ಮೊದಲ ಪಾಲು ಹುತ್ತಕ್ಕೆ ಬಿಟ್ಟು ಉಳಿದದ್ದು ಕುಡಿಯುವ ರೂಢಿ ಮಾಡಿಕೊಂಡರು. ಒಂದು ದಿನವೂ ತಪ್ಪುವಂತಿಲ್ಲ. ಕಂಪನಿಯ ಮೂಗುದಾರ ಹೋಯಿತು, ಹುಳದ್ದು ಉಳಿಯಿತು. ಶೀಲವಂತ ಅಲ್ಲೇ ನಿಂತಳು. ಹುಲಿಗೆಮ್ಮನನ್ನೂ ಯಂಕೋಬನನ್ನೂ ಕಂಪನಿ ಕೆಲಸದಿಂದ ಕಿತ್ತು ಹಟ್ಟಿಗೆ ಕಳಿಸಿತು.

ಊರಿಗೆ ಬಂದವಳು ಕುಂಕುಮದ ಭರಣಿ ತೆರೆದಳು. ತಳದಲ್ಲಿ ಆ ಚಿಟಿಕೆ ಮಣ್ಣಿತ್ತು, ಇನ್ನೂ ಹಸಿಯಾಗಿಯೇ. ದೇವರ ಪ್ರಸಾದ, ಕಸದಲ್ಲಿ ಚೆಲ್ಲುವಂತಿಲ್ಲ. ಓಣಿಯ ಕೊನೆಗೆ ಬೇವಿನ ಮರದಡಿ ಹಳೆಯ ಹುತ್ತವೊಂದಿತ್ತು; ಪಂಚಮಿಗೆ ಓಣಿಯವರೆಲ್ಲ ಹಾಲು ಹಾಕುವುದು ಅದಕ್ಕೇ. ಹುತ್ತದ ಮಣ್ಣು ಹುತ್ತಕ್ಕೇ ಸೇರಲಿ ಅಂತ ಅಲ್ಲಿ ಉದುರಿಸಿ ಕೈಮುಗಿದು ಬಂದಳು. ಮರದ ಹಿಂದೆ ಹಾಲಿನ ಡೇರಿ. ಕ್ಯಾನು ತೊಳೆದ ನೀರು ಗಟಾರದಲ್ಲಿ ಹುಳಿ ವಾಸನೆ ಬೀರುತ್ತಾ ಹುತ್ತದ ಬುಡ ಸವರಿ ಹರಿಯುತ್ತಿತ್ತು. ಆ ವಾಸನೆ ಅವಳ ಮೂಗಿಗೆ ಬಡಿಯಿತು, ತಲೆಗೆ ಹತ್ತಲಿಲ್ಲ. ಮನೆಗೆ ಬಂದ ಖುಷಿಯಲ್ಲಿದ್ದಳು.

ವರುಷ ಒಂದಾಯಿತು. ಎರಡನೆಯ ಪಂಚಮಿ ಬಂತು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಓಣಿಯ ಹುಡುಗಿಯರೆಲ್ಲ ಹೊಸ ಬಟ್ಟೆ ತೊಟ್ಟು ಜೀಕುತ್ತಿದ್ದರು. ಕೆಳಗೆ ನಿಂತವರು ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದರು. ಹುಲಿಗೆಮ್ಮ ಹಾಲಿನ ಗಿಂಡಿ ಹಿಡಿದು ಹುತ್ತದ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತಳು.

ಹುತ್ತದ ಮೈ ಮಿನುಗುತ್ತಿತ್ತು. ಬಿಸಿಲಿಗೆ ಇರಬಹುದು ಅಂತ ಬೆರಳು ಹಚ್ಚಿ ನೋಡಿದಳು. ಬೆರಳು ಹಳದಿಯಾಯಿತು. ಅರಿಶಿನದ ಹಳದಿಯಲ್ಲ. ಹಟ್ಟಿಯಲ್ಲಿ ಹುಟ್ಟಿದವಳಿಗೆ ಆ ಹಳದಿ ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಕಣ್ಣಿಗೆ ಬಂದದ್ದು ರಾಯ್ಕರ್ ಸಾಹೇಬರ ನಗು. ಇದನ್ನು ಕಂಡರೆ ಬರುತ್ತಾರೆ. ಯಾವ ದೇಶದವರೋ, ಯಾವ ಕಂಪನಿಯವರೋ, ರಸ್ತೆ ಮಾಡುತ್ತಾರೆ, ಆಸ್ಪತ್ರೆ ಕಟ್ಟುತ್ತಾರೆ, ಚಹಾ ಕುಡಿದು ಚೆನ್ನಾಗಿದೆ ಅಮ್ಮ ಅನ್ನುತ್ತಾರೆ.

ಆಮೇಲೆ ಅವಳಿಗೆ ಗಟಾರ ಕಂಡಿತು. ಒಣಗಿ ಬಿರುಕು ಬಿಟ್ಟಿತ್ತು. ಡೇರಿಯನ್ನು ಹೋದ ತಿಂಗಳು ಬಸ್ ನಿಲ್ದಾಣದ ಹೊಸ ಕಟ್ಟಡಕ್ಕೆ ಒಯ್ದಿದ್ದರು.

ಹುಲಿಗೆಮ್ಮ ಮೆಲ್ಲಗೆ ಬಗ್ಗಿ ಕಿವಿಯನ್ನು ನೆಲಕ್ಕೆ ಇಟ್ಟಳು. ಎಷ್ಟು ಹೊತ್ತು ಇಟ್ಟರೂ ಬೀಸುವಕಲ್ಲಿನ ಸದ್ದಿಲ್ಲ. ಬರೀ ಮೌನ, ತನ್ನ ರೆಪ್ಪೆ ಬಡಿಯುವುದು ತನಗೇ ಕೇಳಿಸಿತು.

ಕೈಯಲ್ಲಿದ್ದ ಗಿಂಡಿ ಹಾಲನ್ನೆಲ್ಲ ಒಮ್ಮೆಗೇ ಸುರಿದಳು. ಯಾರ ಪಾಲನ್ನೂ ಹೇಳಲಿಲ್ಲ. ನೆಲ ಕುಡಿಯಿತು. ಅಷ್ಟು ಹಾಲು ಎಲ್ಲಿಗೆ ಸಾಕು.

"ಹುಲಿಗೆಮ್ಮತ್ತೀ!" ಜೋಕಾಲಿಯ ಮೇಲಿಂದ ಒಬ್ಬಳು ಕೂಗಿದಳು. "ನೋಡ್ರಿ, ಈ ಸಲ ಟೊಂಗಿ ಮುಟ್ಟಿ ಜಿಗೀತೀನಿ!"

ಓಡಬೇಕೆನ್ನಿಸಿತು. ಓಡುವಂತಿರಲಿಲ್ಲ. ಕೂಗಿದರೆ ಎಲ್ಲರೂ ಒಮ್ಮೆಗೇ ಓಡುತ್ತಾರೆ. ಅವಳು ಚಪ್ಪಲಿ ಬಿಟ್ಟು, ತುಟಿಯ ಮೇಲೆ ಬೆರಳಿಟ್ಟುಕೊಂಡು, ಬೇವಿನ ಮರದ ಕಡೆಗೆ ಒಂದೊಂದೇ ಹೆಜ್ಜೆ ಇಟ್ಟಳು. ಕಿವಿಯಲ್ಲಿ ಬ್ವಾಲ್ಯಳ ಪಿಸುಮಾತಿತ್ತು.

ಮೆಲ್ಲಕ ನಡಿ, ಅಕ್ಕಾ.

ಪಾದದಡಿ ನೆಲ ಚಿಟಕ್ಕೆಂದಿತು. ಮೇಲೆ, ಹಸಿರು ಎಲೆಗಳ ನಡುವೆ, ಹುಡುಗಿ ಜೋಕಾಲಿಯ ಹಗ್ಗ ಬಿಟ್ಟಳು.